ಬೀಗಿತ್ತಿಯ ಮನೆಯ ನೀರು

ನನ್ನ ಅತ್ತೆಯವರಿಗೆ ಪ್ರಾರ್ಥನೆ ಮಾಡುವುದು ಬಹಳ ಚೆನ್ನಾಗಿ ಬರುತ್ತಿತ್ತು. ಇದನ್ನು ಬರೀ ಹೊಗಳಿಕೆ ಎಂದುಕೊಳ್ಳಬೇಡಿ, ಪೂರ್ತಿ ಕೇಳಿ.

ಮಾಲೂರಿನಿಂದ ಲಕ್ಕೂರಿಗೆ ಹೋಗುವ ದಾರಿಯಲ್ಲಿ, ಇಟ್ಟಿಗೆ ಗೂಡುಗಳ ಹಿಂದೆ ನಮ್ಮ ಕೇರಿ. ಎಲ್ಲರೂ ಕ್ರೈಸ್ತರು, ಒಂದು ತಲೆಮಾರಿನ ಹಿಂದೆ ದೀಕ್ಷಾಸ್ನಾನ ತೆಗೆದುಕೊಂಡವರು. ಕೇರಿಯ ನಡುವೆ ಹೆಂಚು ಹೊದಿಸಿದ ಪ್ರಾರ್ಥನೆ ಮನೆ ಇತ್ತು. ಬುಧವಾರ ಸಾಯಂಕಾಲ ಗೂಡಿನ ಕೆಲಸ ಮುಗಿಸಿ, ಕೈಕಾಲಿನ ಕೆಮ್ಮಣ್ಣು ತೊಳೆದುಕೊಂಡು ಎಲ್ಲರೂ ಅಲ್ಲಿ ಸೇರುತ್ತಿದ್ದರು. ಸಭೆ ನಡೆಸುವ ಉಪದೇಶಿಗಳು ಒಂದು ಪಾಠ ಓದುವರು, ಒಂದು ಹಾಡು, ಆಮೇಲೆ ಮನಸ್ಸು ಬಂದವರು ಮೊಣಕಾಲೂರಿ ಬಾಯಿಬಿಟ್ಟು ಪ್ರಾರ್ಥಿಸಬಹುದು. ಬಾಯಿಬಿಡಲು ನಮ್ಮವರಲ್ಲಿ ಯಾರಿಗೂ ಸಂಕೋಚವಿರಲಿಲ್ಲ.

ಅತ್ತೆಯವರು ಶುರುಮಾಡುವಾಗ ದನಿ ಜೇನಿನಂತಿರುತ್ತಿತ್ತು. ಬಿದ್ದ ಮಳೆಗೆ ಸ್ತೋತ್ರ, ತಿಂದ ರಾಗಿಗೆ ಸ್ತೋತ್ರ, ಎದ್ದು ಓಡಾಡುವ ಕೈಕಾಲಿಗೆ ಸ್ತೋತ್ರ. ಅಲ್ಲಿಂದ ಮೆಲ್ಲಗೆ ಕೇರಿಯೊಳಕ್ಕೆ ಬರುವರು. ಕೇರಿಯ ಬಾವಿಕಟ್ಟೆಯ ಮೇಲೆ ಯಾರೋ ಕೆಲವರು ಬೇರೆಯವರ ಕೊಡ ತಳ್ಳಿ ಮುಂದೆ ನಿಲ್ಲುತ್ತಾರೆ, ಅವರ ಹೃದಯ ಶೋಧಿಸು ಸ್ವಾಮೀ. ಯಾರೋ ಒಬ್ಬರ ಕೋಳಿ ದಿನಾ ಬಂದು ನಮ್ಮ ಹಿತ್ತಿಲು ಕೆದರುತ್ತದೆ, ಕೋಳಿಗೆ ಬುದ್ಧಿಯಿಲ್ಲ, ಸಾಕಿದವರಿಗೆ ಕೊಡು ತಂದೆಯೇ. ಹೆಸರು ಎತ್ತುತ್ತಿರಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಕೋಳಿಯ ಒಡತಿ ಎರಡು ಸಾಲು ಹಿಂದೆ ಕೂತು ಹಲ್ಲು ಕಡಿಯುತ್ತಿದ್ದಳು, ತನ್ನ ಸರದಿ ಬಂದಾಗ ನಾಲಿಗೆ ಉದ್ದವಿರುವ ವಿಧವೆಯರ ಹೃದಯ ಶೋಧಿಸಬೇಕೆಂದು ಬೇಡಿಕೊಳ್ಳುತ್ತಿದ್ದಳು. ಬಾವಿಯ ಜಗಳ, ಬೇಲಿಯ ಜಗಳ, ಗಂಡ ಹೆಂಡಿರ ಜಗಳ ಎಲ್ಲ ಹೀಗೆ ದೇವರ ಮುಂದೆಯೇ ನಡೆಯುತ್ತಿದ್ದವು. ಎದುರಿಗೆ ಬೈದರೆ ಪಾಪ, ಕಣ್ಣು ಮುಚ್ಚಿಕೊಂಡು ಬೈದರೆ ಪ್ರಾರ್ಥನೆ ಎಂದು ನಮ್ಮ ಕೇರಿ ನಿಜವಾಗಿ ನಂಬಿತ್ತು.

ನಾನು ಮುಳಬಾಗಿಲು ಕಡೆಯವಳು. ಅರ್ಧ ತೆಲುಗು, ಅರ್ಧ ಕನ್ನಡ ಆಡಿಕೊಂಡು ಬೆಳೆದವಳು, ಬಾಯಿ ಸ್ವಲ್ಪ ಜೋರು. ಮದುವೆಯಾಗಿ ಬಂದ ಹೊಸದರಲ್ಲೇ ಒಂದು ಬುಧವಾರ ಅತ್ತೆಯವರು ನನ್ನನ್ನೂ ಪ್ರಾರ್ಥನೆಗೆ ಎಳೆದರು. ಈಚೆಗೆ ಮನೆಗೆ ಬಂದ ಒಂದು ಜೀವ ಮುದ್ದೆ ತಿರುವುವಾಗ ಮನಸ್ಸು ಎಲ್ಲೋ ಇಟ್ಟುಕೊಂಡು ಗಂಟು ಕಟ್ಟಿಸುತ್ತದೆ, ಆ ಮನಸ್ಸು ಎಲ್ಲಿದೆಯೆಂದು ನೀನೇ ನೋಡಪ್ಪಾ ಎಂದರು. ನನಗೆ ಮೈಯೆಲ್ಲ ಉರಿಯಿತು. ಮುಂದಿನ ಬುಧವಾರ ನಾನೂ ಮೊಣಕಾಲೂರಿದೆ. ಹುಣಿಸೆಹಣ್ಣು, ಬೆಲ್ಲ ಎಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುವವರ ಹೃದಯದ ಬೀಗವನ್ನೂ ತೆರೆ ದೇವಾ ಎಂದೆ. ಕೇರಿಯೆಲ್ಲ ಬೆರಳ ಸಂದಿಯಿಂದ ನಮ್ಮಿಬ್ಬರನ್ನೂ ನೋಡಿತು. ನನ್ನ ಗಂಡ, ಗೂಡಿನಲ್ಲಿ ಇಡೀ ದಿನ ಬೆಂದು ಬಂದ ಪಾಪದ ಮನುಷ್ಯ, ತಲೆಯ ಮೇಲಿನ ಟವಲನ್ನು ಮುಖಕ್ಕೆ ಎಳೆದುಕೊಂಡ.

ಅತ್ತೆಯವರು ಬರೀ ಬಾಯಿಯ ಹೆಂಗಸು ಅಂದುಕೊಂಡರೆ ತಪ್ಪಾಗುತ್ತದೆ. ಸುತ್ತಲಿನ ಹಳ್ಳಿಗಳಿಗೆಲ್ಲ ಅವರೇ ಸೂಲಗಿತ್ತಿ. ನಮ್ಮನ್ನು ಜಗಲಿಗೆ ಹತ್ತಿಸದ ಮನೆಗಳವರೂ ಹೆರಿಗೆಯ ಹೊತ್ತಿಗೆ ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಗಂಡ ಸತ್ತ ಮೇಲೆ ಆ ಕೈಗಳಿಂದಲೇ ಒಬ್ಬ ಮಗನನ್ನೂ ಒಬ್ಬ ಮಗಳನ್ನೂ ಬೆಳೆಸಿದರು. ನಾನು ನೋಡದ ಆ ಮಾವನವರು ಹಿಂದೆ ಊರಿಗೆ ತಮಟೆ ಬಡಿಯುತ್ತಿದ್ದವರಂತೆ. ಹಬ್ಬ, ಮದುವೆ, ಸಾವು ಏನಿದ್ದರೂ ತಮಟೆ ಅವರದೇ, ಅದಕ್ಕೆ ಸುಗ್ಗಿಯಲ್ಲಿ ಊರಿಂದ ರಾಗಿ ಬರುತ್ತಿತ್ತು. ದೀಕ್ಷಾಸ್ನಾನದ ದಿನ ಅವರು ತಮಟೆ ಕೆಳಗಿಟ್ಟರು. ರಾಗಿಯೂ ನಿಂತುಹೋಯಿತು. ಆ ವರ್ಷ ಮನೆಯವರೆಲ್ಲ ಗೆಣಸು ಬೇಯಿಸಿಕೊಂಡು ತಿಂದು ಬದುಕಿದರು. ಅತ್ತೆಯವರು ಆ ಕಥೆಯನ್ನು ಹೇಳುವಾಗ ಬೆನ್ನು ನೆಟ್ಟಗಾಗುತ್ತಿತ್ತು.

ಅದೇ ಕೇರಿಗೆ, ಅದೇ ಮನೆಯ ಮುಂದಕ್ಕೆ, ಮಗಳ ಮದುವೆಯ ದಿನ ತಮಟೆ ಬಂತು. ಗಂಡಿನ ಕಡೆಯವರು ಶ್ರೀನಿವಾಸಪುರದವರು, ಅವರೂ ಕ್ರೈಸ್ತರೇ, ಆದರೆ ಅವರ ಸಭೆಯಲ್ಲಿ ಹಬ್ಬಕ್ಕೂ ಮದುವೆಗೂ ಹಾಡಿನ ಜೊತೆ ತಮಟೆ ಬಡಿಯುವುದು ವಾಡಿಕೆ. ಹುಡುಗರು ಸಂತೋಷಕ್ಕೆ ತಂದಿದ್ದರು. ಅತ್ತೆಯವರ ಮುಖ ಬಿಗಿಯಿತು, ಊಟದ ಎಲೆಯ ಮುಂದೆ ಕೂರಲೇ ಇಲ್ಲ. ಸಾಯಂಕಾಲ ನನ್ನ ನಾದಿನಿ ಗಾಡಿ ಹತ್ತಿದಳು, ಮುಂದೆ ತಮಟೆ ಹೊರಟಿತು. ಆಗ ಅವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಅರ್ಧ ದಾರಿಯಿಂದ ಹಿಂದಕ್ಕೆ ಬಂದು ಅತ್ತೆಯವರ ಎರಡೂ ಕೈ ಹಿಡಿದುಕೊಂಡರು. ನೀನೂ ಬಾ, ನಮ್ಮ ಮನೆಯಲ್ಲಿ ಒಂದು ಚೊಂಬು ನೀರು ಕುಡಿದು, ಮಗಳನ್ನು ಬಿಟ್ಟು ಹೋಗು ಎಂದು ಕರೆದರು.

"ತಮಟೆ ಇರೋ ಮನೆ ನೀರು ನಂಗೆ ಬೇಡ" ಎಂದು ಅತ್ತೆಯವರು ಎಲ್ಲರ ಮುಂದೆ ಹೇಳಿ ಬಾಗಿಲು ಹಾಕಿಕೊಂಡರು.

ನೀರಿನ ಮಾತು ನಮ್ಮವರಲ್ಲಿ ಸಣ್ಣ ಮಾತಲ್ಲ. ನಮ್ಮ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಹಬ್ಬಗಳಲ್ಲಿ ಸಭೆಯೆಲ್ಲ ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನದ ಹಿಂದಿನ ದಿನ, ಯಾರಿಗೆ ಯಾರ ಮೇಲೆ ಮುನಿಸಿದೆಯೋ ಅವರು ಅವರ ಮನೆಗೆ ಹೋಗಿ ನೀರು ಕೇಳಿ ಕುಡಿಯಬೇಕು. ಕ್ಷಮಾಪಣೆ, ವಿವರಣೆ ಒಂದೂ ಬೇಡ, ನೀರು ಕುಡಿದರೆ ಮುಗಿಯಿತು. ಊರ ಬಾವಿಯ ಹತ್ತಿರಕ್ಕೂ ನಮ್ಮನ್ನು ಸೇರಿಸದಿದ್ದ ಕಾಲ ಅದು. ಇನ್ನೊಬ್ಬರ ಮನೆಯಲ್ಲಿ ನೀರು ಸಿಕ್ಕುವುದೆಂದರೆ ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮರುದಿನ ಕೋಲಾರದಿಂದ ಬಂದ ಪಾದ್ರಿಗಳು ರೊಟ್ಟಿ ಮುರಿಯುವ ಮುಂಚೆ, ಎಲ್ಲರ ಮನೆ ನೀರೂ ಕುಡಿದಾಯಿತೇ ಎಂದು ಕೇಳುವರು. ಅತ್ತೆಯವರು ಎಲ್ಲರಿಗಿಂತ ಮೊದಲು ಆಯಿತು ಎನ್ನುವರು. ಸುಳ್ಳಲ್ಲ, ಕೋಳಿಯ ಒಡತಿಯ ಮನೆಯಲ್ಲಿ ಕೂಡ ಮೂಗು ಮುರಿದುಕೊಂಡು ಕುಡಿದು ಬಂದಿರುತ್ತಿದ್ದರು. ಶ್ರೀನಿವಾಸಪುರ ಮಾತ್ರ ಲೆಕ್ಕಕ್ಕಿಲ್ಲ, ಅದು ಬೇರೆ ಊರು, ಬೇರೆ ಸಭೆ. ಹಬ್ಬ ಬಂತು, ಹೋಯಿತು, ಮಗಳ ಮುಖ ನೋಡಲು ಅವರು ಹೋಗಲಿಲ್ಲ. ಬುಧವಾರಗಳಂದು ಮಾತ್ರ ಬಿಡದೆ ಅಳಿಯನ ಹೃದಯ, ಬೀಗಿತ್ತಿಯ ಹೃದಯ, ಮಗಳ ಹೃದಯ ಮೂರನ್ನೂ ಶೋಧಿಸುವಂತೆ ದೇವರಿಗೆ ನೆನಪು ಮಾಡುತ್ತಿದ್ದರು. ಅವಳು ಬರುವಾಗ ಬರಲಿ ಎಂದು ನನ್ನ ಗಂಡ ಸುಮ್ಮನಾದ. ತಾಯಿಯ ಎದುರು ಮಾತಾಡುವ ಜಾಯಮಾನ ಅವನದಲ್ಲ.

ಯುದ್ಧ ನಡೆಯುತ್ತಿದ್ದ ಕಾಲ, ಪುನರುತ್ಥಾನದ ಹಬ್ಬಕ್ಕೆ ಮುಂಚಿನ ತಪಸ್ಸಿನ ದಿನಗಳು ಶುರುವಾಗಿದ್ದವು. ಆಗ ಬಳೆ ಸಾಬರು ಬಂದರು. ಶ್ರೀನಿವಾಸಪುರ, ಕೋಲಾರ, ಮಾಲೂರು ಎಲ್ಲ ಕಡೆ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ತಿರುಗುವ ಮುದುಕರು. ಕೇರಿಯ ಹೆಂಗಸರಿಗೆಲ್ಲ ಬೇಕಾದವರು. ನನ್ನ ಕೈ ಹಿಸುಕಿ ಬಳೆ ಏರಿಸುತ್ತ, ಅತ್ತೆಯವರ ಕಡೆ ನೋಡದೆಯೇ ವಿಷಯ ತೆಗೆದರು.

"ನಿಮ್ಮ ಬೇಟಿಗೆ ನಾನೇ ಹಸ್ರು ಬಳೆ ಹಾಕ್ದೆ ಅಮ್ಮಾ. ಏಳನೇ ತಿಂಗ್ಳು. ತವರಿಂದ ಯಾರೂ ಇರ್ಲಿಲ್ಲ, ಅವ್ರ ಅತ್ತೇನೇ ಕೂತ್ಕೊಂಡು ಹಾಕ್ಸಿದ್ರು. ಮಾಲೂರ್ ಕಡೆ ಹೋಗ್ತೀರಾ ಅಂತ ಕೇಳಿತು ಹುಡ್ಗಿ, ಅಷ್ಟೇ. ಬೇರೆ ಏನೂ ಹೇಳ್ಲಿಲ್ಲ."

ಅತ್ತೆಯವರು ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದರು, ಕೈ ನಿಂತಿತು. ಮೊದಲ ಬಸಿರು, ಹೆರಿಗೆಗೆ ತವರಿಗೆ ಕರೆತರಬೇಕು. ಎಂಟನೆಯ ತಿಂಗಳಲ್ಲಿ ಗರ್ಭಿಣಿಯನ್ನು ದಾರಿಗೆ ಹಾಕುವುದಿಲ್ಲ, ಅಂದರೆ ಏಳು ಮುಗಿಯುವುದರೊಳಗೆ ತಂದರೆ ತಂದಂತೆ. ಇದೆಲ್ಲ ಅವರಿಗೆ ಗೊತ್ತಿಲ್ಲದ್ದೇನಲ್ಲ, ಕಂಡವರ ಮನೆಗಳಿಗೆ ಅವರೇ ಹೇಳಿಕೊಡುತ್ತಿದ್ದ ಮಾತು. ನನ್ನ ನಾದಿನಿಯದು ಸಣ್ಣ ಕಟ್ಟು, ಸೊಂಟ ಕಿರಿದು. ಅವಳು ಹುಟ್ಟುವಾಗ ತಮಗೆ ಎಷ್ಟು ಕಷ್ಟವಾಯಿತೆಂದು ಅತ್ತೆಯವರೇ ಎಷ್ಟೋ ಸಲ ಹೇಳಿದ್ದರು. ಊರವರ ಮಕ್ಕಳೆಲ್ಲ ಇವರ ಕೈಗೆ ಹುಟ್ಟಬೇಕು, ಇವರ ಮಗಳು ಮಾತ್ರ ಯಾರದೋ ಕೈಯಲ್ಲಿ ಒದ್ದಾಡಬೇಕು. ನನಗೆ ಸಂಕಟವಾಯಿತು. ಕರೆತರೋಣ ಅತ್ತಮ್ಮಾ ಎಂದೆ. ಅವರು ರಾಗಿಯನ್ನು ಜೋರಾಗಿ ಕೇರತೊಡಗಿದರು.

ಆ ಬುಧವಾರದ ಪ್ರಾರ್ಥನೆ ನಾನು ಕಂಡ ಪ್ರಾರ್ಥನೆಗಳಲ್ಲೆಲ್ಲ ಉದ್ದವಾದದ್ದು. ಅತ್ತೆಯವರು ಬೀಗಿತ್ತಿಯನ್ನು ಹಿಡಿದುಕೊಂಡವರು ಬಿಡಲೇ ಇಲ್ಲ. ನಾನು ನನ್ನ ಸರದಿಯಲ್ಲಿ, ಹೆತ್ತ ಮಗಳನ್ನು ಮರೆತ ಕಲ್ಲೆದೆಗಳನ್ನು ಒಡೆ ದೇವಾ ಎಂದೆ. ಕೋಳಿಯ ಒಡತಿ ಖುಷಿ ತಡೆಯಲಾರದೆ ಜೋರಾಗಿ ಆಮೆನ್ ಎಂದಳು. ಅದಕ್ಕೆ ಅತ್ತೆಯವರು ಎರಡನೆಯ ಸಲ ಮೊಣಕಾಲೂರಿದರು. ಸೀಮೆಎಣ್ಣೆ ಸಿಕ್ಕದ ದಿನಗಳು, ಲಾಟೀನು ಎಣ್ಣೆ ತೀರಿ ಪಕಪಕ ಎಂದಿತು.

ನಮ್ಮ ಉಪದೇಶಿಗಳು ಬಡಕಲು ಮನುಷ್ಯ, ಯಾರಿಗೂ ಗಟ್ಟಿಯಾಗಿ ಒಂದು ಮಾತು ಹೇಳಿದವರಲ್ಲ. ಅವತ್ತು ಎದ್ದು ನಿಂತು ಪಾಠದ ಪುಸ್ತಕ ಮುಚ್ಚಿದರು. ಸಾಯಂಕಾಲ ಅವರು ಓದಿದ್ದು, ಹಳೆಯ ಕಾಲದ ಒಬ್ಬ ಅರಸ ತನ್ನ ಒಳಗೆ ಕೇಡಿನ ದಾರಿಯೇನಾದರೂ ಇದೆಯೋ ನೋಡೆಂದು ದೇವರನ್ನೇ ಕರೆದ ಪಾಠ.

"ಆ ಅರಸ ಪಕ್ಕದ ಮನೆಯವ್ರನ್ನ ನೋಡು ಅಂದ್ನಾ? ತನ್ನನ್ನ ನೋಡು ಅಂದ. ಇನ್ನು ಹಬ್ಬದವರೆಗೂ ಈ ಮನೇಲಿ ಯಾರೂ ಬೇರೆಯವ್ರ ವಿಷ್ಯ ದೇವ್ರಿಗೆ ಹೇಳೋ ಹಂಗಿಲ್ಲ. ನಿಮ್ಮ ನಿಮ್ಮ ವಿಷ್ಯ ಇದ್ರೆ ಹೇಳಿ. ಇಲ್ದಿದ್ರೆ ಬೇಗ ಮನೆಗೆ ಹೋಗೋಣ, ಎಣ್ಣೆನಾದ್ರೂ ಉಳೀತದೆ."

ಮುಂದಿನ ಬುಧವಾರ ಏನಾಯಿತು ಅಂತೀರಿ? ಯಾರಿಗೂ ಹೇಳಲು ಏನೂ ಇರಲಿಲ್ಲ. ಪಾಠ ಆಯಿತು, ಹಾಡು ಆಯಿತು, ಪ್ರಾರ್ಥನೆಯ ಹೊತ್ತಿಗೆ ಕೇರಿಗೆ ಕೇರಿಯೇ ಮೂಕವಾಯಿತು. ಹೊರಗೆ ಯಾರದೋ ಹಸು ಮೆಲುಕು ಹಾಕುವ ಸದ್ದು ಕೇಳುತ್ತಿತ್ತು. ಕಡೆಗೆ ಗೂಡಿನ ಮೇಸ್ತ್ರಿ ಧೈರ್ಯ ಮಾಡಿ ಎದ್ದು, ತಾನು ಕುಡಿಯುವುದಿಲ್ಲ, ಸೇದುವುದಿಲ್ಲ, ಹೆಂಡತಿಯ ಮೇಲೆ ಕೈ ಮಾಡುವುದಿಲ್ಲ ಎಂದು ದೇವರಿಗೆ ತಿಳಿಸಿದ. ಅವನ ಹೆಂಡತಿಗೆ ಕೆಮ್ಮು ಬಂತು, ನಿಲ್ಲಲೇ ಇಲ್ಲ. ನನಗೂ ಬಾಯಿ ಬರಲಿಲ್ಲ. ಅತ್ತೆಯವರ ಹೆಸರಿಲ್ಲದೆ ದೇವರ ಹತ್ತಿರ ನನಗೆ ಮಾತೇ ಇರಲಿಲ್ಲವೆಂದು ಅವತ್ತು ಗೊತ್ತಾಯಿತು.

ಅತ್ತೆಯವರ ಪಾಡು ನೋಡಲಾಗುತ್ತಿರಲಿಲ್ಲ. ಮೊಣಕಾಲೂರಿ, ಸ್ವಾಮೀ ಎಂದು ಶುರುಮಾಡಿ, ಮಳೆ ರಾಗಿಗಳ ಸ್ತೋತ್ರ ಮುಗಿಸಿ ಗಕ್ಕನೆ ನಿಂತರು. ಅಲ್ಲಿಂದ ಮುಂದಕ್ಕೆ ಅವರಿಗೆ ಗೊತ್ತಿದ್ದದ್ದು ಕೇರಿಯ ದಾರಿಯೊಂದೇ, ಅದನ್ನು ಮುಚ್ಚಿಬಿಟ್ಟಿದ್ದರು. ಸುಮ್ಮನೆ ಎದ್ದು ಬಂದರು. ಮನೆಯಲ್ಲೂ ಮಾತು ಕಡಿಮೆಯಾಯಿತು. ಮುದ್ದೆಯಲ್ಲಿ ಗಂಟಿದ್ದರೂ ನುಂಗಿದರು. ನನಗೆ ಹೆದರಿಕೆಯಾಗತೊಡಗಿತು, ಬೈದರೆ ಎಷ್ಟೋ ಸಮಾಧಾನವಿತ್ತು. ಇತ್ತ ಏಳನೆಯ ತಿಂಗಳು ಕರಗುತ್ತಿತ್ತು. ನನ್ನ ಗಂಡ ತಾನೊಬ್ಬನೇ ಹೋಗಿ ತಂಗಿಯನ್ನು ಕರೆತರುತ್ತೇನೆ ಎಂದ. ಬೇಡ ಎಂದರು. ಅವಳು ಬಂದರೂ ನಾನು ಯಾವ ಮುಖ ಇಟ್ಟುಕೊಂಡು ಅವಳ ಹೊಟ್ಟೆ ಮುಟ್ಟಲಿ ಎಂದರು. ಅವರ ಬಾಯಿಂದ ಅಂಥ ಮಾತು ನಾನು ಮೊದಲು ಕೇಳಿದ್ದು ಅದೇ.

ಅದರ ಮುಂದಿನ ಬುಧವಾರ ಅವರು ಎಲ್ಲರಿಗಿಂತ ಕಡೆಗೆ ಮೊಣಕಾಲೂರಿದರು. ಸ್ತೋತ್ರಗಳನ್ನು ಹೇಳಲಿಲ್ಲ.

"ಸ್ವಾಮೀ, ನನ್ನೊಳಗೆ ನೋಡು" ಎಂದರು. ಅಷ್ಟೇ.

ದನಿಯಲ್ಲಿ ಜೇನೂ ಇರಲಿಲ್ಲ, ಗತ್ತೂ ಇರಲಿಲ್ಲ. ಮನೆಗೆ ಬಂದ ಸೂಲಗಿತ್ತಿಗೆ ನೋವಿನವಳು ನಾಚಿಕೆ ಬಿಟ್ಟು ಹೇಳುವ ಹಾಗಿತ್ತು. ಹೇಳಿದವರು ಹಾಗೇ ಉಳಿದರು. ಉಪದೇಶಿಗಳು ಕಾದರು, ನಾವೆಲ್ಲ ಕಾದೆವು. ಯಾರೂ ಬೆರಳ ಸಂದಿಯಿಂದ ನೋಡಲಿಲ್ಲ, ಕೋಳಿಯ ಒಡತಿ ಕೂಡ. ಅವರಾಗಿ ಎದ್ದ ಮೇಲೆ ನಾವು ಮನೆಗೆ ಹೋದೆವು.

ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದೆ ಕೂತು ಎಸರಿಗೆ ರಾಗಿಹಿಟ್ಟು ಹಾಕುತ್ತಿದ್ದೆ. ಅತ್ತೆಯವರು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಬೆಂಕಿಯನ್ನೇ ನೋಡುತ್ತ ಮಾತಾಡಿದರು.

"ಅವಳು ಗಾಡಿ ಹತ್ತೋವಾಗ ನೀನೂ ನೋಡ್ದೆ ಅಲ್ವಾ?"

ಏನನ್ನು ಎಂದು ಕೇಳಿದೆ.

"ನಕ್ಕಳು ಕಣೇ. ತಿರುಗಿ ನೋಡಿದ್ಳು, ನಕ್ಕಳು. ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಗಂಡಸಿಲ್ಲದ ಮನೇಲಿ ಅವಳನ್ನ ಎದೆ ಮೇಲೆ ಹಾಕ್ಕೊಂಡು ಬೆಳೆಸ್ದೆ. ಜ್ವರ ಬಂದ್ರೆ ಮೂರು ಹೊತ್ತೂ ಕಣ್ಣು ಮುಚ್ತಿರ್ಲಿಲ್ಲ. ಸಂತೆಗೆ ಹೋಗೋ ಹಂಗೆ ನಕ್ಕೊಂಡು ಹೋದ್ಳು. ಅವಳು ಅತ್ತಿದ್ರೆ ಆ ತಮಟೆನ ನಾನು ಅವತ್ತೇ ಮರೀತಿದ್ದೆ."

ನಾನು ಕೋಲು ತಿರುವುವುದನ್ನು ಬಿಟ್ಟು ಕೂತೆ. ಎಷ್ಟು ಬುಧವಾರ ಆ ತಮಟೆಯನ್ನು ದೇವರ ಮುಂದೆ ಇಟ್ಟಿದ್ದರು, ಗಂಡನ ತ್ಯಾಗವನ್ನು ಇಟ್ಟಿದ್ದರು, ಹಸಿದ ವರ್ಷವನ್ನು ಇಟ್ಟಿದ್ದರು. ಅದೆಲ್ಲ ನಿಜವೇ. ಆದರೆ ಅದರ ಅಡಿಯಲ್ಲಿ ಇದ್ದದ್ದು ಇಷ್ಟು ಸಣ್ಣದು, ಇಷ್ಟು ಪಾಪದ್ದು. ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ನನ್ನ ಸ್ವಭಾವವೇ ಹಾಗೆ, ಎರಡೂ ಒಟ್ಟಿಗೆ ಬರುತ್ತವೆ.

"ನಾನು ಮುಳಬಾಗ್ಲಿಂದ ಮಾಲೂರ್ ತನಕ ಅತ್ಕೊಂಡೇ ಬಂದೆ ಅತ್ತಮ್ಮಾ. ಆಗ ನೀವು, ಇದ್ಯಾವ ಅಳುಬುರುಕಿ ಬಂತು ನಮ್ಮ ಮನೆಗೆ ಅಂದ್ರಿ."

ಅತ್ತೆಯವರು ನನ್ನ ಕಡೆ ತಿರುಗಿದರು. ಮೊದಲು ತುಟಿ ನಡುಗಿತು, ಆಮೇಲೆ ನಗು ಬಂತು, ತಡೆಯಲಾರದೆ ನೆಲಕ್ಕೆ ಕೈಯೂರಿ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವತ್ತಿನ ಮುದ್ದೆ ತಳ ಹಿಡಿದು ಸೀದುಹೋಯಿತು. ನನ್ನ ಗಂಡ ಏನೂ ಕೇಳದೆ ತಿಂದು ಕೆಲಸಕ್ಕೆ ಹೋದ.

ಹಬ್ಬಕ್ಕೆ ಇನ್ನೂ ದಿನಗಳಿದ್ದವು, ಅತ್ತೆಯವರು ಕಾಯಲಿಲ್ಲ. ಶನಿವಾರವೇ ನನ್ನನ್ನು ಕರೆದುಕೊಂಡು ಹೊರಟರು. ಮಾಲೂರಿನಲ್ಲಿ ರೈಲು ಹತ್ತಿ ಬೌರಿಂಗ್‌ಪೇಟೆಯಲ್ಲಿ ಇಳಿದೆವು. ಅಲ್ಲಿಂದ ಚಿಕ್ಕ ರೈಲು, ಆಟದ ಸಾಮಾನಿನ ಹಾಗಿನ ಡಬ್ಬಿಗಳು, ಕೋಲಾರದ ಬೆಟ್ಟವನ್ನು ಬಳಸಿಕೊಂಡು ಶ್ರೀನಿವಾಸಪುರದ ಕಡೆ ಏದುಸಿರು ಬಿಡುತ್ತ ಹೋಗುತ್ತದೆ. ದಾರಿಯುದ್ದಕ್ಕೂ ಅತ್ತೆಯವರು ಮಡಿಲಲ್ಲಿ ಕಟ್ಟಿಕೊಂಡಿದ್ದ ಬೆಲ್ಲದ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಪೆಟ್ಟಿಗೆಯ ಬೀಗದ ಕೈಯನ್ನು ಹೊರಡುವ ಮುಂಚೆ ಮಗನ ಕೈಗೆ ಕೊಟ್ಟು ಬಂದಿದ್ದರು. ಬೀಗಿತ್ತಿ ನೀರು ಕೊಡದಿದ್ದರೆ ಏನು ಮಾಡುವುದು ಎಂದು ಒಮ್ಮೆ ಕೇಳಿದರು. ಇವರು ಬೇಡವೆಂದ ನೀರನ್ನು ಅವರು ಕೊಡಲೇಬೇಕೆಂದು ಎಲ್ಲಿದೆ? ಕಿಟಕಿಯಾಚೆ ನೋಡುತ್ತ ಕೂತೆ.

ಬೀಗಿತ್ತಿಯವರು ಒಂದು ಮಾವಿನ ತೋಪಿನ ಕಾವಲಿನವರು, ತೋಪಿನ ಅಂಚಿನಲ್ಲೇ ಮನೆ. ಮರಗಳಲ್ಲಿ ಮಿಡಿ ಕಟ್ಟಿತ್ತು. ನನ್ನ ನಾದಿನಿ ಬಾಗಿಲಲ್ಲಿ ಕೂತು ಮಿಡಿಗಾಯಿಗೆ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದಳು. ನಮ್ಮನ್ನು ನೋಡಿ ಏಳಲು ಹೋದಳು, ಹೊಟ್ಟೆ ಅಡ್ಡ ಬಂದು ಹಾಗೇ ಕೂತಳು. ಕೈಗಳ ತುಂಬ ಹಸಿರು ಬಳೆ. ಅತ್ತೆಯವರು ಅಂಗಳದಲ್ಲೇ ನಿಂತುಬಿಟ್ಟರು. ಒಳಗಿಂದ ಬೀಗಿತ್ತಿ ಬಂದರು, ದಪ್ಪನೆಯ ಮೈ, ಬೆವರಿದ ಮುಖ.

"ಕುಡಿಯೋಕೆ ಸ್ವಲ್ಪ ನೀರು ಕೊಡ್ತೀಯಾ ಅಕ್ಕಾ?" ಎಂದರು ಅತ್ತೆ.

ಬೀಗಿತ್ತಿ ಒಳಗೆ ಹೋದರು. ಹಿಂದಕ್ಕೆ ಬರುವುದು ತಡವಾಯಿತು. ಅತ್ತೆಯವರ ಉಸಿರು ನನಗೆ ಕೇಳಿಸುತ್ತಿತ್ತು. ಆಮೇಲೆ ತಿಳಿಯಿತು, ಆ ಹೆಂಗಸು ಹಳೆಯ ನೀರನ್ನು ಚೆಲ್ಲಿ, ಚೊಂಬನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ, ಹಿತ್ತಿಲ ಬಾವಿಯಿಂದ ಹೊಸ ನೀರು ಸೇದಿ ತರುತ್ತಿದ್ದರು. ಹೊಳೆಯುವ ಚೊಂಬನ್ನು ಎರಡೂ ಕೈಯಲ್ಲಿ ನೀಡಿದರು. ಅತ್ತೆಯವರು ಎತ್ತಿ ಕುಡಿದರು, ಒಂದು ತೊಟ್ಟೂ ಉಳಿಸಲಿಲ್ಲ. "ರಾ ವದಿನಾ, ಒಳಗೆ ಬಾ" ಎಂದು ಬೀಗಿತ್ತಿ ತಮ್ಮ ತೆಲುಗು ಬೆರೆತ ಮಾತಿನಲ್ಲಿ ಅತ್ತಿಗೆ ಎಂದು ಕರೆದು ಚಾಪೆ ಹಾಸಿದರು.

ಒಳಗೆ ಗೋಡೆಯ ಮೇಲೆ ತಮಟೆ ನೇತಾಡುತ್ತಿತ್ತು. ಬೀಗಿತ್ತಿ ಅದನ್ನು ಕಂಡು ಗಾಬರಿಯಾಗಿ ತೆಗೆಯಲು ಎದ್ದರು. ಅತ್ತೆಯವರು ತಾವೇ ಮೊದಲು ಹೋಗಿ ಅದರ ಚರ್ಮದ ಮೇಲೆ ಬೆರಳಾಡಿಸಿದರು. ಈ ಗೋಡೆಗೆ ತಂಡಿಯಿದೆ, ಚರ್ಮ ಸಡಿಲ ಬೀಳುತ್ತದೆ, ಒಲೆಯ ಕಡೆಯ ಗೋಡೆಗೆ ಹಾಕಿ ಎಂದರು. ತಮಟೆಯವನ ಹೆಂಡತಿಯಾಗಿದ್ದವರಲ್ಲವೇ. ಬೀಗಿತ್ತಿ ಮೊಳೆಯನ್ನು ಹುಡುಕಿದರು.

ಮಗಳ ಹತ್ತಿರ ಕೂತು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದ ಮೇಲೆ ಅತ್ತೆಯವರು ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟರು, ಅವತ್ತು ಯಾಕೆ ನಕ್ಕೆ ಎಂದು. ನಾದಿನಿ ಅಮ್ಮನನ್ನೇ ನೋಡಿದಳು. ನೀನು ಅಳಬಾರದೆಂದು ನಕ್ಕೆ ಎಂದೋ ಮತ್ತೇನೋ ಚಂದದ ಮಾತು ಹೇಳುತ್ತಾಳೆಂದು ನಾನು ಕಾದೆ.

"ಖುಷಿಯಾಗಿತ್ತಮ್ಮಾ, ಅದಕ್ಕೇ" ಎಂದಳು.

ಅತ್ತೆಯವರು ತಲೆಯಾಡಿಸಿದರು. ಒಳ್ಳೇದಾಯಿತು ಬಿಡು ಎಂದರು. ಹೇಳಿದ್ದು ಮೆತ್ತಗೆ, ಆದರೆ ಹೇಳಿದರು.

ಮರುದಿನ ಅಲ್ಲಿಯ ಆರಾಧನೆ ಮುಗಿಸಿಕೊಂಡು, ನಾದಿನಿಯನ್ನು ಕರೆದುಕೊಂಡು ಹೊರಟೆವು. ಗಾಡಿಯಲ್ಲಿ ಹುಲ್ಲು ಹಾಸಿ ಮೇಲೆ ಕಂಬಳಿ ಹಾಕಿದ್ದ ಅಳಿಯ, ಎತ್ತುಗಳ ಮುಂದೆ ಮುಖ ತಿರುಗಿಸಿಕೊಂಡು ನಿಂತಿದ್ದ. ನಾದಿನಿ ಹತ್ತಲು ಕಾಲೆತ್ತಿದವಳು ಹಿಂದಕ್ಕೆ ತಿರುಗಿ ಬೀಗಿತ್ತಿಯ ಕುತ್ತಿಗೆಗೆ ಜೋತುಬಿದ್ದಳು. ಬಿಕ್ಕಿ ಬಿಕ್ಕಿ ಅತ್ತಳು. ಹೋಗಲ್ಲ ಅತ್ತಾ, ನೀನಿಲ್ಲದೆ ನನಗೆ ಹೆದರಿಕೆ ಎಂದು ಚಿಕ್ಕ ಮಗುವಿನ ಹಾಗೆ ಅತ್ತಳು. ಅವಳ ಬೆನ್ನು ಸವರುತ್ತ ಬೀಗಿತ್ತಿಯೂ ಅತ್ತರು.

ಯಾವ ಕಣ್ಣೀರಿಗಾಗಿ ಅತ್ತೆಯವರು ಇಷ್ಟು ಕಾಲ ಉರಿದಿದ್ದರೋ ಅದೇ ಕಣ್ಣೀರು ಅವರ ಕಣ್ಣ ಮುಂದೆಯೇ ಇನ್ನೊಬ್ಬ ಹೆಂಗಸಿನ ಹೆಗಲ ಮೇಲೆ ಹರಿಯುತ್ತಿತ್ತು. ಮುಗಿಯಿತು, ಮಾಲೂರಿನವರೆಗೂ ಇನ್ನು ಮಾತಿಲ್ಲ ಎಂದುಕೊಂಡೆ. ಹೆದರಿಕೊಂಡೇ ಅವರ ಮುಖ ನೋಡಿದೆ. ಬಣ್ಣ ಇಳಿದಿತ್ತು. ಗಾಡಿಯ ಗಾಲಿಯನ್ನು ಹಿಡಿದುಕೊಂಡು ನಿಂತಿದ್ದರು. ತುಟಿ ಅಲುಗುತ್ತಿತ್ತು, ಯಾರಿಗೂ ಕೇಳದ ಹಾಗೆ. ಆಮೇಲೆ ನನ್ನ ಕಡೆ ಬಾಗಿದರು.

"ನನ್ನೊಳಗೆ ನೋಡು ಅಂತ ನಾನೇ ಕರೆದೆ ಕಣೇ. ಇಷ್ಟು ಬೇಗ ಬಂದು ನೋಡ್ತಾನೆ ಅಂದ್ಕೊಂಡಿರ್ಲಿಲ್ಲ."

ಅಷ್ಟು ಹೇಳಿ ನಡೆದು ಹೋದರು. ಮಗಳನ್ನು ಬಿಡಿಸಿಕೊಳ್ಳುತ್ತಾರೆಂದುಕೊಂಡೆ. ಬಿಡಿಸಲಿಲ್ಲ. ಇಬ್ಬರ ಮೇಲೂ ಕೈಯಿಟ್ಟು, ನೀನೂ ಬಾ ಅಕ್ಕಾ, ಹುಡುಗಿಗೆ ನೀನಿಲ್ಲದಿದ್ದರೆ ಧೈರ್ಯ ಸಾಲದು, ನಮ್ಮ ಮನೆಯಲ್ಲಿ ಇದ್ದು ಹೆರಿಗೆ ಮುಗಿಸಿಕೊಂಡು ಬರುವಿಯಂತೆ ಎಂದರು. ತವರಿನ ಬಾಣಂತನಕ್ಕೆ ಹುಡುಗಿಯ ಅತ್ತೆಯೂ ಜೊತೆಗೆ ಬರುವುದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಬೀಗಿತ್ತಿ ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು, ಒಳಗೆ ಓಡಿ ಒಂದು ಸೀರೆ ಗಂಟು ಕಟ್ಟಿಕೊಂಡು ಬಂದರು.

ಚಿಕ್ಕ ರೈಲಿನಲ್ಲಿ ನಾದಿನಿ ನಡುವೆ ಕೂತಳು. ಕೋಲಾರ ಬರುವಷ್ಟರಲ್ಲಿ ನಿದ್ದೆ ಹತ್ತಿ, ತಲೆ ಬೀಗಿತ್ತಿಯ ಹೆಗಲ ಮೇಲೆ ವಾಲಿತು. ಅತ್ತೆಯವರು ಅದನ್ನು ನೋಡಿದರು. ಆಮೇಲೆ ಎದ್ದು ಎದುರಿನ ಹಲಗೆಗೆ ಬಂದು ಕೂತು, ಮಗಳ ಊದಿದ ಪಾದಗಳನ್ನು ತಮ್ಮ ಮಡಿಲಿಗೆ ಎತ್ತಿಟ್ಟುಕೊಂಡು ಮೆಲ್ಲಗೆ ಒತ್ತತೊಡಗಿದರು. ಬೌರಿಂಗ್‌ಪೇಟೆಯವರೆಗೂ ಒತ್ತಿದರು.

ಆ ಹಬ್ಬದಲ್ಲಿ ಪಾದ್ರಿಗಳು ನೀರಿನ ಪ್ರಶ್ನೆ ಕೇಳಿದಾಗ ಅತ್ತೆಯವರು ಎಲ್ಲರಿಗಿಂತ ಕಡೆಗೆ ಆಯಿತು ಎಂದರು, ಪಕ್ಕದಲ್ಲಿ ಬೀಗಿತ್ತಿ ಕೂತಿದ್ದರು. ಮಾವು ಹಣ್ಣಾಗುವ ಹೊತ್ತಿಗೆ ಒಂದು ಮಧ್ಯಾಹ್ನ ನಾದಿನಿಗೆ ನೋವು ಶುರುವಾಯಿತು. ಹೆದರಿದ ಹಾಗೆಯೇ ಕಷ್ಟವಾಯಿತು. ತಲೆಯ ಕಡೆ ಬೀಗಿತ್ತಿ ಕೂತು ಎದೆಗೆ ಒರಗಿಸಿಕೊಂಡರು, ಕಾಲ ಕಡೆ ಅತ್ತೆಯವರು. ನಾನು ಬಿಸಿನೀರು ಕಾಯಿಸಿ ಕಾಯಿಸಿ ತಂದೆ. ಕೂಸು ಬಂತು, ಹೆಣ್ಣು, ಆದರೆ ಸದ್ದಿಲ್ಲ. ಅತ್ತೆಯವರು ಅದನ್ನು ಕಾಲು ಹಿಡಿದು ಎತ್ತಿ, ಬಾಯಿ ಒರೆಸಿ, ಅಂಗಾಲಿಗೆ ತಟ್ಟಿದರು. ಅಳು ಕಂದಾ, ಅಳು ಎಂದು ಬೇಡಿಕೊಳ್ಳುತ್ತಿದ್ದರು. ಕೂಸು ಕಿಟ್ಟನೆ ಕಿರುಚಿತು.

ಅತ್ತೆಯವರು ಅದನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿದರು. ಸೂಲಗಿತ್ತಿ ಕೂಸನ್ನು ಮೊದಲು ಯಾರ ಕೈಗೆ ಕೊಡುತ್ತಾಳೆಂದು ಬಾಗಿಲ ಹೊರಗಿನ ಹೆಂಗಸರೆಲ್ಲ ಕಾಯುತ್ತಾರೆ, ಅದು ದೊಡ್ಡ ಮರ್ಯಾದೆ. ಅವರು ಅದನ್ನು ಬೀಗಿತ್ತಿಯ ಕೈಗೆ ಇಟ್ಟರು. ಆಮೇಲೆ ಗೋಡೆಗೆ ಒರಗಿ, ನನ್ನ ಹತ್ತಿರ ಕುಡಿಯಲು ನೀರು ಕೇಳಿದರು.